ಮೇಷ್ಟ್ರು ಹತ್ತದ ಬಸ್ಸು

ಖಾಲಿ ಸೀಟುಗಳಿರುವ ಬಸ್ಸನ್ನು ಬಿಟ್ಟು, ಕಾಲಿಡಲೂ ಜಾಗವಿಲ್ಲದ ಬಸ್ಸಿಗಾಗಿ ಕಾಯುವವರೆಂದರೆ ನಾನು ಕಂಡದ್ದು ಒಬ್ಬರನ್ನೇ, ನಮ್ಮ ಗಣಿತದ ಮೇಷ್ಟ್ರನ್ನು. ಅರಸೀಕೆರೆಯಿಂದ ಬೆಳಿಗ್ಗೆ ಬೇಲೂರಿಗೆ ಹೊರಡುವ ಹಸಿರು ಬಣ್ಣದ ಖಾಸಗಿ ಬಸ್ಸೊಂದಿದೆ, ಜಾವಗಲ್, ಹಳೇಬೀಡಿನ ಮೇಲೆ ಹೋಗುತ್ತದೆ. ಅದು ನಮ್ಮ ಮುಂದೆಯೇ ಬಂದು ನಿಲ್ಲುತ್ತಿತ್ತು. ನಾನು ಚೀಲ ಎತ್ತಿಕೊಂಡು ಹೆಜ್ಜೆ ಮುಂದಿಟ್ಟರೆ ಮೇಷ್ಟ್ರು ನೆಲ ನೋಡುತ್ತಾ, "ಬೇಡಮ್ಮಾ, ರಷ್ ಐತೆ" ಎನ್ನುತ್ತಿದ್ದರು. ಒಳಗೆ ಇಣುಕಿದರೆ ಕಿಟಕಿ ಪಕ್ಕದ ಸೀಟುಗಳು ಸಾಲಾಗಿ ಖಾಲಿ ಬಿದ್ದಿರುತ್ತಿದ್ದವು.

ಸರ್ಕಾರಿ ಬಸ್ಸಿನಲ್ಲಿ ನಮಗೆ ಹೆಂಗಸರಿಗೆ ಟಿಕೆಟ್ ಇಲ್ಲವಲ್ಲ, ಇವಳಿಗ್ಯಾಕೆ ಖರ್ಚು ಎಂದು ನನಗಾಗಿಯೇ ಹೀಗೆ ಮಾಡುತ್ತಾರೆ ಎಂದುಕೊಂಡಿದ್ದೆ. ಎಷ್ಟು ಒಳ್ಳೆಯವರು ಎಂದು ಮನೆಯಲ್ಲಿ ಹೇಳಿಯೂ ಇದ್ದೆ. ಆಮೇಲೆ ಸರ್ಕಾರಿ ಬಸ್ಸು ಬಂದು, ನಾವಿಬ್ಬರೂ ಯಾರದೋ ತರಕಾರಿ ಚೀಲದ ಮೇಲೆ ಒಂದು ಕಾಲಿಟ್ಟುಕೊಂಡು ಜಾವಗಲ್‌ವರೆಗೆ ನೇತಾಡುತ್ತಾ ಹೋಗುತ್ತಿದ್ದೆವು. ಜಾವಗಲ್‌ನಲ್ಲಿ ಜನ ಇಳಿದ ಮೇಲೆಯೇ ನಮಗೆ ಸೀಟು ಸಿಗುತ್ತಿದ್ದದ್ದು.

ಮೇಷ್ಟ್ರು ಕಳೆದ ಮಾಗಿಯ ಚಳಿಯಲ್ಲಿ ತೀರಿಕೊಂಡರು. ಅವರ ಬಗ್ಗೆ ಬರೆಯೋಣವೆಂದು ಕೂತಾಗಲೆಲ್ಲ ಆ ಬಸ್ಸೇ ಮೊದಲು ನೆನಪಿಗೆ ಬರುತ್ತದೆ, ಎದ್ದು ಹೋಗಿಬಿಡುತ್ತೇನೆ. ಇವತ್ತು ಏಳಬಾರದೆಂದು ನಿಶ್ಚಯಿಸಿ ಕೂತಿದ್ದೇನೆ.

ನಾನು ಹಳೇಬೀಡಿನ ಒಂದು ಪಿಯು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಹೇಳಿಕೊಡುವವಳು. ಮನೆ ಅರಸೀಕೆರೆ. ಮೇಷ್ಟ್ರು ಜಾವಗಲ್‌ನ ಹೈಸ್ಕೂಲೊಂದರಲ್ಲಿ ಸರ್ವಿಸ್ ಮುಗಿಸಿ, ನಿವೃತ್ತರಾದ ಮೇಲೆ ನಮ್ಮ ಕಾಲೇಜಿಗೆ ಅತಿಥಿ ಉಪನ್ಯಾಸಕರಾಗಿ ಬಂದರು. ಹುಟ್ಟೂರು ಕಣಕಟ್ಟೆ, ಅಲ್ಲಿ ತೆಂಗಿನ ತೋಟವಿತ್ತು. ಅದರ ಗುರುತು ಅವರ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಜೇಬಿನ ತುಂಬ ಕೊಬ್ಬರಿ ಚೂರು, ಅದರ ನಡುವೆ ಒಂದು ಕೆಂಪು ಪೆನ್ನು. ಆದ್ದರಿಂದ ಅವರ ಬಿಳಿ ಅಂಗಿಗಳಿಗೆಲ್ಲ ಎಣ್ಣೆಯದೊಂದು ಕಲೆ, ಇಂಕಿನದೊಂದು ಕಲೆ. ಯಾರು ಎದುರಾದರೂ "ಬಾಯಾಡಿಸಿ" ಎಂದು ಒಂದು ಚೂರು ಕೊಡುವರು. ಬೇಡವೆಂದವರಿಗೆ ಎರಡು ಕೊಡುವರು.

ಉತ್ತರ ಸರಿಯಿದ್ದು ಸ್ಟೆಪ್ ಬರೆಯದಿದ್ದರೆ ಅವರು ಅರ್ಧ ಮಾರ್ಕು ಕಡಿಯುತ್ತಿದ್ದರು. ಈ ಚಾಳಿ ತರಗತಿಗೆ ಮಾತ್ರ ಸೀಮಿತವಾಗಿರಲಿಲ್ಲ. ನಾನು ನಮ್ಮತ್ತೆಯ ಮೇಲೆ ಏನಾದರೂ ದೂರು ಹೇಳುತ್ತಿದ್ದರೆ ಮಧ್ಯೆ ಕೈ ಎತ್ತಿ, "ನಿಲ್ಲು, ಒಂದು ಸ್ಟೆಪ್ ಬಿಟ್ಟೆ. ಅದಕ್ಕೆ ಮುಂಚೆ ನೀನೇನಂದೆ?" ಎಂದು ಕೇಳುವರು. ನಾನು ಹೇಳುವ ಹೊತ್ತಿಗೆ ದೂರಿನ ಅರ್ಧ ಬಲ ಇಳಿದುಹೋಗಿರುತ್ತಿತ್ತು.

ಕೂಡುವ ಲೆಕ್ಕದಲ್ಲಿ ಬಿಡಿ ಸ್ಥಾನದಿಂದ ಹತ್ತರ ಸ್ಥಾನಕ್ಕೆ ಒಯ್ಯುವ ದಶಕವನ್ನು ಮಕ್ಕಳು ಮರೆಯುವುದು ಎಲ್ಲ ಕಾಲಕ್ಕೂ ಇದ್ದದ್ದೇ. ಮೇಷ್ಟ್ರು ಬೋರ್ಡಿನ ಕಡೆ ಮುಖ ಮಾಡಿಕೊಂಡೇ "ದಶಕ ಇಟ್ಕೊಂಡ್ರಾ?" ಎಂದು ಗುಡುಗುತ್ತಿದ್ದರಂತೆ. ಜಾವಗಲ್ ಬಸ್ ಸ್ಟ್ಯಾಂಡಿನಲ್ಲಿ ಅವರ ಹಳೆಯ ಶಿಷ್ಯರು, ಈಗ ಅಂಗಡಿ ಇಟ್ಟುಕೊಂಡವರು, ಅವರನ್ನು ಕಂಡರೆ ನಮಸ್ಕಾರದ ಬದಲು "ದಶಕ ಇಟ್ಕೊಂಡಿದೀನಿ ಸಾರ್" ಎನ್ನುತ್ತಿದ್ದರು. ಮೇಷ್ಟ್ರಿಗೆ ಅದರಿಂದ ಆಗುತ್ತಿದ್ದ ಖುಷಿ ಅವರು ಮುಚ್ಚಿಟ್ಟುಕೊಂಡರೂ ಕಾಣುತ್ತಿತ್ತು.

ಅವರ ಇನ್ನೊಂದು ಪದ್ಧತಿ ತಗಡಿನ ಪೆಟ್ಟಿಗೆಯದು. ತರಗತಿಯಲ್ಲಿ ಹುಡುಗರಿಂದ ಕಿತ್ತುಕೊಂಡ ಬುಗುರಿ, ಗೋಲಿ, ಕ್ಯಾಟರ್ಬಿಲ್ಲು ಎಲ್ಲವೂ ಆ ಪೆಟ್ಟಿಗೆಗೆ ಬೀಳುತ್ತಿದ್ದವು. ಯಾರು ಬಂದು ಕೇಳಿದರೂ ಕೊಡುತ್ತಿರಲಿಲ್ಲ. ಆದರೆ ಹತ್ತನೇ ತರಗತಿಯ ಬೀಳ್ಕೊಡುಗೆಯ ದಿನ ಪೆಟ್ಟಿಗೆಯನ್ನು ವೇದಿಕೆಗೆ ತರಿಸಿ, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಒಂದು ತಮಾಷೆಯ ಮಾತು ಹೇಳಿ, ಅವರವರ ವಸ್ತು ಅವರವರಿಗೆ ವಾಪಸು ಕೊಡುತ್ತಿದ್ದರು. ಯಾವುದು ಯಾರದೆಂದು ಅವರಿಗೆ ಬಾಯಿಪಾಠವಾಗಿರುತ್ತಿತ್ತು. ಹುಡುಗರು ಆ ದಿನಕ್ಕೆ ಕಾಯುತ್ತಿದ್ದರಂತೆ. ಬೇಕೆಂದೇ ಏನಾದರೂ ತಂದು ಕಿತ್ತುಕೊಳ್ಳಿಸಿಕೊಳ್ಳುವವರೂ ಇದ್ದರಂತೆ.

ಇನ್ನು ನನ್ನ ಕಥೆ. ಎರಡು ವರ್ಷದ ಹಿಂದೆ ನಾನು ಒಂದು ಹೊಸ ಪ್ರೋಗ್ರಾಮಿಂಗ್ ಭಾಷೆ ಕಲಿಯಬೇಕೆಂದು ಹಟ ತೊಟ್ಟಿದ್ದೆ. ಪುಸ್ತಕದ ಮೊದಲ ಅಧ್ಯಾಯಗಳನ್ನು ಓದುವುದು, ಬೇಸರವಾಗಿ ಬಿಡುವುದು, ಮತ್ತೆ ಮೊದಲಿಂದ ಶುರು ಮಾಡುವುದು, ಹೀಗೇ ನಡೆದಿತ್ತು. ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಒದ್ದಾಡುತ್ತಿದ್ದರೆ ಪಕ್ಕದ ಸೀಟಿನಿಂದ ಮೇಷ್ಟ್ರು ಬಗ್ಗಿ ನೋಡುವರು. ನೋಡುತ್ತಾ ನೋಡುತ್ತಾ ಅವರಿಗೂ ರುಚಿ ಹತ್ತಿತು. ತಪ್ಪು ಬರೆದರೆ ಆ ಭಾಷೆ ಪ್ರೋಗ್ರಾಮನ್ನು ಓಡಿಸುವುದೇ ಇಲ್ಲ, ಯಾವ ಸಾಲಿನಲ್ಲಿ ಏನು ತಪ್ಪು, ಹೇಗೆ ಸರಿಮಾಡಬಹುದು ಎಂದು ವಿವರವಾಗಿ ಬರೆದು ತೋರಿಸುತ್ತದೆ. ಅದನ್ನು ಓದಿ ಮೇಷ್ಟ್ರು, "ಇದು ಒಳ್ಳೆ ಮೇಷ್ಟ್ರು ಕಣಮ್ಮಾ. ತಪ್ಪು ತೋರಿಸ್ತದೆ, ಬಯ್ಯಲ್ಲ. ನಾನು ಬಯ್ತಿದ್ದೆ" ಎಂದರು.

ಒಂದು ದಿನ ಆ ಭಾಷೆಯ ಮುಖ್ಯ ನಿಯಮ ವಿವರಿಸುತ್ತಿದ್ದೆ. ಅದರಲ್ಲಿ ಪ್ರತಿಯೊಂದು ವಸ್ತುವಿಗೂ ಒಬ್ಬನೇ ಒಡೆಯ. ಬೇರೆಯವರು ಅದನ್ನು ಎರವಲು ಪಡೆಯಬಹುದು, ಆದರೆ ಎರವಲು ಯಾವಾಗ ಮುಗಿಯುತ್ತದೆ ಎಂಬುದು ಸ್ಪಷ್ಟವಿರಬೇಕು. ಒಡೆಯನಿಲ್ಲದೆ ಹೋದಮೇಲೂ ಅವನ ವಸ್ತುವನ್ನು ಹಿಡಿದುಕೊಂಡಿರುತ್ತೇನೆಂದರೆ ಆ ಭಾಷೆ ಒಪ್ಪುವುದೇ ಇಲ್ಲ. ಇಷ್ಟು ಹೇಳಿ ಪಕ್ಕಕ್ಕೆ ನೋಡಿದರೆ ಮೇಷ್ಟ್ರು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ಆ ದಿನ ಕೊಬ್ಬರಿ ಕೊಡಲೂ ಇಲ್ಲ.

ಮರುದಿನ ಕಾಲೇಜಿನ ವರಾಂಡದಲ್ಲಿ ಬಟ್ಟೆಯ ಚೀಲದಿಂದ ಒಂದು ವಸ್ತು ತೆಗೆದು ನನ್ನ ಕೈಗಿಟ್ಟರು. ಕೈಯಲ್ಲಿ ಹಿಡಿದುಕೊಂಡು ಆಡುವ ಹಳೆಯ ಕಾಲದ ಗೇಮ್ ಯಂತ್ರ. ಬೂದು ಬಣ್ಣ, ಅಂಗೈಯಗಲದ ಪರದೆ. ಬ್ಯಾಟರಿ ಸೋರಿ ಒಳಗೆಲ್ಲ ಹಸಿರು ಕಿಲುಬು ಹಿಡಿದಿತ್ತು. ಆಟವಿದ್ದ ಚೌಕದ ತುಂಡು ಮಾತ್ರ ಚೆನ್ನಾಗಿತ್ತು.

ಅದು ಜಾವಗಲ್ ಶಾಲೆಯ ಒಬ್ಬ ಹುಡುಗನದು. ಮುಂಬೈಯಲ್ಲಿದ್ದ ಸೋದರಮಾವ ತಂದದ್ದನ್ನು ಹುಡುಗ ಕೇಳದೆ ಶಾಲೆಗೆ ತಂದುಬಿಟ್ಟಿದ್ದ. ಮೇಷ್ಟ್ರು ಹಿಡಿದಾಗ ಅವನು ಆಡುತ್ತಿರಲಿಲ್ಲ, ಹಿಂಬದಿಯ ಮುಚ್ಚಳ ಬಿಚ್ಚಿ ಒಳಗೆ ನೋಡುತ್ತಿದ್ದ. ಕಿತ್ತುಕೊಂಡರೆ ಅಳಲಿಲ್ಲ, "ಇದು ಒಳಗೆ ಹೆಂಗೆ ಕೆಲ್ಸ ಮಾಡ್ತದೆ ಸಾರ್?" ಎಂದು ಕೇಳಿದ. ಮೇಷ್ಟ್ರು ಮೊದಲು ಹತ್ತೊಂಬತ್ತರ ಮಗ್ಗಿ ಹೇಳು ಎಂದರು. ಹುಡುಗನಿಗೆ ಬರಲಿಲ್ಲ, ತರಗತಿಯೆಲ್ಲ ನಕ್ಕಿತು.

"ನನಗೆ ಗೊತ್ತಿರಲಿಲ್ಲ ಕಣಮ್ಮಾ" ಎಂದರು ಮೇಷ್ಟ್ರು. "ಗೊತ್ತಿಲ್ಲಪ್ಪಾ ಅಂದಿದ್ರೆ ಮುಗೀತಿತ್ತು. ಅದು ಬಿಟ್ಟು ಅವನ ಮೇಲೆ ನಗಿಸ್ದೆ."

ಹುಡುಗನ ಅಪ್ಪ ಒಮ್ಮೆ ಶಾಲೆಗೆ ಬಂದು, ಸೋದರಮಾವ ಕೇಳ್ತಾನೆ, ಕೊಟ್ಟುಬಿಡಿ ಎಂದು ಬೇಡಿಕೊಂಡರಂತೆ. ಮೇಷ್ಟ್ರು ನಿಯಮ ಹೇಳಿ ಕಳಿಸಿದರು. ಸ್ವಲ್ಪ ದಿನಕ್ಕೆ ಹುಡುಗ ಶಾಲೆಗೆ ಬರುವುದೇ ನಿಂತುಹೋಯಿತು. ಬೇರೆ ಮಕ್ಕಳು ಶಾಲೆ ಬಿಟ್ಟರೆ ಮನೆಯವರೆಗೆ ಹೋಗಿ ಕರೆತರುತ್ತಿದ್ದ ಮನುಷ್ಯ ಇವನ ಮನೆಗೆ ಮಾತ್ರ ಹೋಗಲಿಲ್ಲ, ಹೋಗಲು ಮುಖವಿರಲಿಲ್ಲ. ಆ ವರ್ಷದ ಬೀಳ್ಕೊಡುಗೆಯಲ್ಲಿ ಪೆಟ್ಟಿಗೆ ಖಾಲಿಯಾದಾಗ ತಳದಲ್ಲಿ ಇದೊಂದೇ ಉಳಿದಿತ್ತು.

ಹಳೆಯ ಯಂತ್ರದಂತೆ ನಟಿಸುವ ಪ್ರೋಗ್ರಾಮುಗಳಿಗೆ ಎಮ್ಯುಲೇಟರ್ ಎನ್ನುತ್ತಾರೆ. ಈ ಆಟ ಆಡಿಸುವಂಥವು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ, ಇವತ್ತೇ ಹಾಕಿಕೊಡುತ್ತೇನೆ ಎಂದೆ. ಮೇಷ್ಟ್ರು ಒಪ್ಪಲಿಲ್ಲ. "ಅದು ಕಾಪಿ ಹೊಡೆದಂಗೆ. ಅವನು ಕೇಳಿದ್ದು ಆಟ ಅಲ್ಲಮ್ಮಾ, ಹೆಂಗೆ ಅಂತ ಕೇಳ್ದ. ನಾನೇ ಕಟ್ಟಿದ್ರೆ ನನಗೆ ತಿಳೀತದೆ, ತಿಳಿದ್ರೆ ಹೇಳ್ತೀನಿ." ನನಗೂ ಆಸೆಯಾಯಿತು. ಭಾಷೆ ಕಲಿಯಲು ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗಲಾರದು ಎನಿಸಿತು. ಹುಡುಗ ಈಗ ಎಲ್ಲಿದ್ದಾನೆ ಎಂದು ಕೇಳಿದೆ. "ಇದಾನೆ ಇಲ್ಲೇ" ಎಂದು ಮಾತು ತೇಲಿಸಿದರು.

ಹಾಗೆ ಶುರುವಾಯಿತು ನಮ್ಮ ಕೆಲಸ. ಆಟದ ತುಂಡಿನೊಳಗಿದ್ದದ್ದನ್ನು ನಾನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಆಟದ ತುಂಡಿನಲ್ಲಿರುವುದು ಬರೀ ಅಂಕಿಗಳ ಸಾಲು, ಒಂದೊಂದು ಅಂಕಿಯೂ ಯಂತ್ರಕ್ಕೆ ಒಂದು ಅಪ್ಪಣೆ. ಇದನ್ನು ಅದಕ್ಕೆ ಕೂಡು, ಅದನ್ನು ಅಲ್ಲಿಡು, ಸೊನ್ನೆಯಾದರೆ ಇಲ್ಲಿಗೆ ಹಾರು, ಹೀಗೆ. ಅಂಥ ನೂರಾರು ಅಪ್ಪಣೆಗಳಿಗೆ ಒಂದೊಂದಾಗಿ ನಾವು ಪ್ರೋಗ್ರಾಮು ಬರೆಯಬೇಕು. ಪರದೆ, ಗುಂಡಿಗಳ ಭಾಗ ನನ್ನದು. ಲೆಕ್ಕದ ಭಾಗವನ್ನು ಮೇಷ್ಟ್ರು ಯಾರಿಗೂ ಮುಟ್ಟಲು ಬಿಡಲಿಲ್ಲ. ಎರಡು ಬೆರಳಲ್ಲಿ ಟೈಪು ಮಾಡುವರು, ಬರೆದದ್ದನ್ನು ಪ್ರಿಂಟ್ ತೆಗೆಸಿ ಕೆಂಪು ಪೆನ್ನಿನಲ್ಲಿ ತಾವೇ ತಿದ್ದಿ ತಮಗೇ ಮಾರ್ಕು ಹಾಕಿಕೊಳ್ಳುವರು. ಅವರು ತಡವರಿಸುವುದನ್ನು ಕಂಡು ನಾನು ಬಾಯಿ ತೆರೆದರೆ ಕೈ ಅಡ್ಡ ಬರುತ್ತಿತ್ತು: "ಉತ್ತರ ಹೇಳ್ಬೇಡ." ಬಸ್ಸಿನಲ್ಲಿ ಅಕ್ಕಪಕ್ಕದವರು, ಈ ವಯಸ್ಸಲ್ಲಿ ಯಾವ ಪರೀಕ್ಷೆ ಕಟ್ಟಿದೀರಿ ಎಂದು ಕೇಳಿದರೆ, "ಹಳೇ ಬ್ಯಾಕ್‌ಲಾಗ್ ಒಂದು ಉಳಿದುಬಿಟ್ಟೈತೆ" ಎನ್ನುತ್ತಿದ್ದರು.

ಲ್ಯಾಬಿನಲ್ಲಿ ಒಂದು ಸಂಜೆ ಪರದೆಯ ಮೇಲೆ ಪುಟ್ಟ ಮನುಷ್ಯನೊಬ್ಬ ತಲೆಕೆಳಗಾಗಿ ಕಾಣಿಸಿಕೊಂಡ. ಅದು ನನ್ನ ತಪ್ಪು, ಸರಿಮಾಡಿದೆ. ಅವನು ನೆಟ್ಟಗಾಗಿ ಇಟ್ಟಿಗೆಯಿಂದ ಇಟ್ಟಿಗೆಗೆ ಹಾರುತ್ತಾ ಹಣ್ಣು ಹೆಕ್ಕತೊಡಗಿದ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಮೇಲಿನ ಅಂಕದ ಕಡೆ ಅವರ ದೃಷ್ಟಿ ಹೋಯಿತು. ಎಂಟು ಇದ್ದದ್ದಕ್ಕೆ ಒಂಬತ್ತು ಸೇರಿದರೆ ಹದಿನೇಳಾಗಬೇಕಲ್ಲ, ಹನ್ನೊಂದು ತೋರಿಸುತ್ತಿತ್ತು. ಐದಕ್ಕೆ ಏಳು ಸೇರಿದರೆ ಮಾತ್ರ ಸರಿಯಾಗಿ ಹನ್ನೆರಡೇ ಬರುತ್ತಿತ್ತು. ಒಮ್ಮೆ ಸರಿ, ಒಮ್ಮೆ ಆರು ಕಡಿಮೆ.

ಅವರ ಪ್ರೋಗ್ರಾಮು ನೋಡಿದ ಕೂಡಲೇ ನನಗೆ ತಪ್ಪು ಕಂಡಿತು. ಆ ಯಂತ್ರದಲ್ಲಿ ಬಿಡಿಯ ಕೋಣೆಗೆ ಹದಿನೈದರವರೆಗೆ ಜಾಗ. ಹದಿನಾರಾದರೆ ಕೋಣೆ ಮತ್ತೆ ಖಾಲಿಯಂತೆ ಕಾಣುತ್ತದೆ, ಒಂದು ಮುಂದಕ್ಕೆ ದಾಟಿತು ಎಂಬುದನ್ನು ಬೇರೆ ಕಡೆ ಗುರುತು ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ದಾಟಿದ ಹದಿನಾರನ್ನು ಬರೀ ಹತ್ತೆಂದು ಓದಿ ಆರು ಕಡಿಮೆ ತೋರಿಸುತ್ತದೆ, ಹದಿನಾರು ಮುಟ್ಟದ ಹನ್ನೆರಡಕ್ಕೆ ಈ ತೊಂದರೆಯಿಲ್ಲ. ಮೇಷ್ಟ್ರು ಇಡೀ ಸಂಖ್ಯೆ ತುಂಬಿದಾಗ ದಾಟುವ ಕೊನೆಯ ದಶಕದ ಗುರುತು ಇಟ್ಟಿದ್ದರು, ಬಿಡಿಯಿಂದ ದಾಟುವ ಈ ನಡುವಿನದನ್ನು ಇಟ್ಟಿರಲಿಲ್ಲ. ಜಾವಗಲ್‌ಗೆಲ್ಲ ದಶಕದ ಪಾಠ ಹೇಳಿದವರು ದಶಕ ಬಿಟ್ಟಿದ್ದರು. ನನಗೆ ಒಳಗೊಳಗೇ ನಗು ಬಂತು. ಹೇಳಲು ಹೋದರೆ ಕೈ ಅಡ್ಡ ಬಂತು, ನಾನೂ ಸುಮ್ಮನಾದೆ. ಅವರಿಗೇ ಸಿಕ್ಕಿದ ದಿನ ಚೆನ್ನಾಗಿ ರೇಗಿಸಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿಟ್ಟುಕೊಂಡೆ.

ದಿನಗಳು ಹೋದವು, ಅವರಿಗೆ ಸಿಗಲಿಲ್ಲ. ಹುಡುಗನನ್ನು ಹುಡುಕಿ ಕೊಟ್ಟುಬಿಡೋಣ, ಅಂಕ ತಪ್ಪಿದರೇನು ಎಂದೆ. "ಲೆಕ್ಕ ತಪ್ಪಿರೋದನ್ನ ಯಾವ ಮುಖ ಇಟ್ಕೊಂಡು ಕೊಡ್ಲಿ?" ಎಂದರು. ಮನುಷ್ಯ ಕೊಡಲು ಹೆದರಿ ತಪ್ಪಿನ ನೆಪ ಹಿಡಿದಿದ್ದಾರೆ ಎಂದು ನನಗೆ ಗುಮಾನಿ ಬಂದದ್ದು ಆಗಲೇ.

ಒಂದು ಸಂಜೆ ಹಳೇಬೀಡಿನ ಸ್ಟ್ಯಾಂಡಿನಲ್ಲಿ ಎಷ್ಟು ಕಾದರೂ ಸರ್ಕಾರಿ ಬಸ್ಸು ಬರಲಿಲ್ಲ. ಹಸಿರು ಬಸ್ಸು ಬಂತು. "ರಷ್ ಐತೆ" ಎಂದರು ಮೇಷ್ಟ್ರು. ನನಗೆ ರೇಗಿಹೋಯಿತು. ಬೆಳಗಿನಿಂದ ನಿಂತು ಪಾಠ ಮಾಡಿದ ಕಾಲು, ಮನೆಯಲ್ಲಿ ಜ್ವರ ಬಂದ ಮಗು. ಅವರ ಚೀಲವೂ ನನ್ನ ಕೈಯಲ್ಲಿತ್ತು. ಮಾತಾಡದೆ ಹತ್ತಿ ಕೂತುಬಿಟ್ಟೆ. ಚೀಲ ಹೋದ ಮೇಲೆ ಮೇಷ್ಟ್ರು ಹತ್ತಲೇಬೇಕಾಯಿತು.

ಕಂಡಕ್ಟರ್ ನಲವತ್ತರ ಆಸುಪಾಸಿನವನು, ಕಿವಿಯ ಬಳಿ ಕೂದಲು ನರೆತಿತ್ತು. ಮೇಷ್ಟ್ರನ್ನು ಕಂಡು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತ. ಆಮೇಲೆ ಬಂದು ಟಿಕೆಟ್ ಕೊಟ್ಟು ಹೋದ. ಮೇಷ್ಟ್ರು ಅವನ ಮುಖ ನೋಡದೆ ಟಿಕೆಟ್ ತೆಗೆದುಕೊಂಡು, ನನ್ನ ಕೈಯಿಂದ ತಮ್ಮ ಚೀಲ ಸೆಳೆದು ತಬ್ಬಿಕೊಂಡರು. ಹುಡುಗ ಎಲ್ಲಿದ್ದಾನೆಂದು ಆಗ ನನಗೆ ತಿಳಿಯಿತು. ಜಾವಗಲ್‌ನಲ್ಲಿ ಜನ ಇಳಿದು ಬಸ್ಸು ಸಡಿಲವಾದ ಮೇಲೆ ಅವನು ನಮ್ಮ ಸೀಟಿನ ಹತ್ತಿರ ಬಂದು ಕಂಬಿಗೆ ಒರಗಿ ನಿಂತ. ಮೇಷ್ಟ್ರು ತಲೆಯೆತ್ತದೆ, "ನಿನ್ ವಸ್ತು ನನ್ ಹತ್ರ ಉಳಿದೈತಪ್ಪಾ" ಎಂದರು. ಶಾಲೆ, ಗೇಮು, ಮಗ್ಗಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಒಂದು ಸ್ಟೆಪ್ಪನ್ನೂ ಬಿಡಲಿಲ್ಲ. ನನ್ನಿಂದ ನಿನ್ನ ಓದು ಹೋಯಿತು ಎಂದರು.

ಕಂಡಕ್ಟರಿಗೆ ನಿಜವಾಗಿ ಆಶ್ಚರ್ಯವಾಯಿತು. "ಅಯ್ಯೋ, ಶಾಲೆ ಬಿಟ್ಟಿದ್ದು ಅದಕ್ಕಲ್ಲ ಸಾರ್. ಅಪ್ಪ ಹಾಸಿಗೆ ಹಿಡಿದ್ರು, ನಾನು ದುಡಿಯಾಕೆ ಹೋದೆ. ಆ ಗೇಮು ನನಗೆ ಮರ್ತೇ ಹೋಗಿತ್ತು." ಆಮೇಲೆ ಕಿಟಕಿಯ ಕಡೆ ನೋಡುತ್ತಾ ಹೇಳಿದ: "ಬಸ್ಸಿಂದು ಮಾತ್ರ ಮರೆಯಕ್ಕಾಗಿಲ್ಲ. ದಿನಾ ನೋಡ್ತೀನಿ, ನನ್ನ ಕಂಡ್ರೆ ತಲೆ ತಗ್ಗಿಸ್ಕಂಡು ಬ್ಯಾರೆ ಬಸ್ ಹತ್ತೀರಿ. ಓದದೆ ಕಂಡಕ್ಟ್ರಾದ ಅಂತ ನನ್ನ ಮೇಲೆ ಅಸಹ್ಯ ಅಂದ್ಕಂಡಿದ್ದೆ."

ಮೇಷ್ಟ್ರು ಜೇಬಿಗೆ ಕೈ ಹಾಕಿ ಕೊಬ್ಬರಿ ಚೂರು ತೆಗೆದರು. ಕೊಡಲಾಗದೆ ಹಿಡಿದುಕೊಂಡೇ ಕೂತರು. ಕಂಡಕ್ಟರೇ ಅದನ್ನು ಅವರ ಬೆರಳುಗಳಿಂದ ಬಿಡಿಸಿಕೊಂಡು ಬಾಯಿಗೆ ಹಾಕಿಕೊಂಡ. ನಾನು ಲ್ಯಾಪ್‌ಟಾಪ್ ತೆರೆದೆ. ಅಲ್ಲಿಂದ ಅರಸೀಕೆರೆಯವರೆಗೆ ಆ ಬಸ್ಸಿನಲ್ಲಿ ಪಾಠ ನಡೆಯಿತು. ಅಂಕಿ ಹೇಗೆ ಅಪ್ಪಣೆಯಾಗುತ್ತದೆ, ಅಪ್ಪಣೆ ಹೇಗೆ ಚಿತ್ರವಾಗುತ್ತದೆ ಎಂದು ಮೇಷ್ಟ್ರು ಹೇಳಿದರು. ಅವನು ಸ್ಟಾಪು ಬಂದಾಗ ಓಡಿಹೋಗಿ ಜನ ಇಳಿಸಿ, ಮತ್ತೆ ಬಂದು "ಆಮೇಲೆ ಸಾರ್?" ಎನ್ನುತ್ತಿದ್ದ. ಅಂಕ ತಪ್ಪುವುದನ್ನೂ ಮೇಷ್ಟ್ರೇ ತೋರಿಸಿ, ಸರಿಮಾಡಿ ನಿನ್ನ ಮೊಬೈಲಿಗೇ ಹಾಕಿಕೊಡುತ್ತೇನೆ ಎಂದು ಮಾತು ಕೊಟ್ಟರು. ನಿಧಾನಕ್ಕೆ ಮಾಡಿ, ನಾಳೆಯೂ ಇದೇ ಬಸ್ಸಲ್ಲವೇ ಎಂದ ಅವನು.

ಇಳಿದು ಮನೆಯ ಕಡೆ ನಡೆಯುವಾಗ ಮೇಷ್ಟ್ರು ದಾರಿಯಲ್ಲೇ ನಿಂತು, "ಗೇಮು ಕಿತ್ಕೊಂಡಿದ್ದು ಒಂದು ದಿನ ಕಣಮ್ಮಾ. ಬಸ್ಸು ಬಿಟ್ಟಿದ್ದು ದಿನಾ" ಎಂದರು.

ಅಂದಿನಿಂದ ಅವರು ಬೇರೆ ಬಸ್ಸು ಹತ್ತಲಿಲ್ಲ. ಅದೂ ಕೆಲವೇ ವಾರ. ಒಂದು ಬೆಳಿಗ್ಗೆ ಸ್ಟ್ಯಾಂಡಿಗೆ ಅವರು ಬರಲಿಲ್ಲ, ಎದೆನೋವಿನ ಸುದ್ದಿ ಬಂತು. ನಡುವಿನ ದಶಕ ಅವರಿಗೆ ಸಿಕ್ಕಿರಲೇ ಇಲ್ಲ. ನನಗೆ ಹೊಸ ಭಾಷೆ ಚೆನ್ನಾಗಿ ಬಂದಿತ್ತು, ಮಕ್ಕಳಿಗೆ ಪಾಠವನ್ನೂ ಶುರುಮಾಡಿದ್ದೆ. ಅವರ ಸಂಕಟದ ಬೆನ್ನೇರಿ ನಾನು ವಿದ್ಯೆ ಕಲಿತೆ ಎಂಬುದು ಈಗಲೂ ನುಂಗಲಾರದ ತುತ್ತು.

ಅವರು ಹೋದ ಮೇಲೆ ನಾನು ಸರ್ಕಾರಿ ಬಸ್ಸಿಗೇ ಕಾಯತೊಡಗಿದೆ. ಟಿಕೆಟ್ ಇಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ತಿದ್ದುವುದು ಒಂದು ಗಳಿಗೆಯ ಕೆಲಸವಾದರೂ ಆ ಪ್ರೋಗ್ರಾಮು ತೆರೆಯಲಿಲ್ಲ. ಮೊನ್ನೆ ಹಸಿರು ಬಸ್ಸು ಬಂದು ನನ್ನ ಮುಂದೆಯೇ ನಿಂತಿತು. ಕಂಡಕ್ಟರ್ ಬಾಗಿಲಿಂದ ಬಗ್ಗಿ, "ಬನ್ನಿ ಮೇಡಂ" ಎಂದ.

"ರಷ್ ಇದೆ" ಎಂಬ ಮಾತು ನನ್ನ ಬಾಯಿಂದ ಬಂದೇಬಿಟ್ಟಿತು.

ಅವನು ತಿರುಗಿ ಖಾಲಿ ಸೀಟುಗಳನ್ನು ನೋಡಿದ, ನಗಲಿಲ್ಲ. ನಾನು ಹತ್ತಿದೆ. ಸಾರ್ ಸರಿಮಾಡಿ ಕೊಡುತ್ತೇನೆ ಅಂದಿದ್ದರು, ನೀವಾದರೂ ಮಾಡಿಕೊಡಿ ಎಂದು ಟಿಕೆಟ್ ಹರಿಯುತ್ತಾ ಹೇಳಿದ. ಜಾವಗಲ್ ದಾಟುತ್ತಿದ್ದಂತೆ ಲ್ಯಾಪ್‌ಟಾಪ್ ತೆರೆದೆ. ಕುಲುಕಾಟದಲ್ಲಿ ಅಕ್ಷರ ತಪ್ಪಿ, ಅಳಿಸಿ, ಮತ್ತೆ ಬರೆದೆ. ಹಳೇಬೀಡು ಬರುವ ಮೊದಲೇ ಮುಗಿಯಿತು. ಅವನ ಮೊಬೈಲಿಗೂ ಹಾಕಿಕೊಟ್ಟೆ. ಅವನು ನಿಂತಲ್ಲೇ ಆಡಿದ. ಎಂಟಕ್ಕೆ ಒಂಬತ್ತು ಸೇರಿ ಹದಿನೇಳಾಯಿತು.

"ಇಷ್ಟೇನಾ ಮೇಡಂ?" ಎಂದ.

"ಇಷ್ಟೇ."

"ಸಾರ್‌ಗೆ ಸಿಕ್ಕಿರಲಿಲ್ವಾ?"

"ಇಲ್ಲ."

"ನಿಮಗೆ ಆವಾಗ್ಲೇ ಗೊತ್ತಿತ್ತಾ?"

ಅವರೇ ಹೇಳಬೇಡವೆಂದಿದ್ದರು ಎನ್ನಬಹುದಿತ್ತು, ಅದು ಸುಳ್ಳೂ ಅಲ್ಲ. ಆದರೆ ನಾನು ಜೋಡಿಸಿಟ್ಟುಕೊಂಡಿದ್ದ ತಮಾಷೆಯ ಮಾತು ನೆನಪಾಯಿತು.

"ಗೊತ್ತಿತ್ತು" ಎಂದೆ.

ಅವನು ಮೊಬೈಲನ್ನು ಜೇಬಿಗಿಳಿಸಿ, ಸೀಟಿ ಊದಿ, ಬಾಗಿಲ ಕಡೆ ಹೋದ.

ಮರುದಿನ ಬೆಳಿಗ್ಗೆ ಹಸಿರು ಬಸ್ಸು ಬಂದಾಗ ನನಗೆ ನೆಲ ನೋಡುತ್ತಾ ನಿಂತುಬಿಡೋಣ ಎನಿಸಿತು. ತಲೆಯೆತ್ತಿ ಹತ್ತಿದೆ.